ಮಲೆನಾಡಿಗೆ ಹೊಸಬರು, ಮನೆ ಸುತ್ತ ಹಾವು: ನೀವೆಲ್ಲ ಹೇಗೆ ಇರುತ್ತೀರಿ?

ದುರ್ಗದ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗದ ಕಡೆ. ಮನೆಯವರಿಗೆ ವರ್ಗವಾಗಿ ಈ ಬೇಸಿಗೆ ಕೊನೆಗೆ ತೀರ್ಥಹಳ್ಳಿ ಹತ್ತಿರ ಬಂದಿದ್ದೇವೆ. ಊರಿಂದ ಸ್ವಲ್ಪ ಒಳಗೆ, ಅಡಿಕೆ ತೋಟಕ್ಕೆ ಅಂಟಿಕೊಂಡ ಹಂಚಿನ ಮನೆ. ಮನೆ ಚಂದ ಇದೆ, ಓನರ್ ಒಳ್ಳೆಯವರು. ತೊಂದರೆ ಒಂದೇ, ಹಾವು.

ಮಳೆ ಶುರುವಾದ ಮೇಲೆ ಆಗಾಗ ಕಾಣಿಸುತ್ತಲೇ ಇವೆ. ಬಚ್ಚಲ ಒಲೆ ಪಕ್ಕದ ಸೌದೆ ಸಂದಿಯಲ್ಲಿ ಒಂದು. ಹಂಚಿನ ಕೆಳಗೆ ರೀಪಿನ ಮೇಲೆ ತೆಳ್ಳಗೆ ಕಂದು ಬಣ್ಣದ್ದು, ಮೈಮೇಲೆ ಬಿಳಿ ಪಟ್ಟೆ. ಅಂಗಳದಲ್ಲಿ ಹಗಲು ಹೊತ್ತೇ ಉದ್ದದ್ದೊಂದು ಸರ್ರಂತ ಹೋಯಿತು. ಪಕ್ಕದ ಮನೆ ಅಮ್ಮನಿಗೆ ಹೇಳಿದರೆ "ಅದೆಂತ ಮಾಡುದಿಲ್ಲ, ಅದರಷ್ಟಕ್ಕೆ ಹೋಗ್ತದೆ" ಅಂದರು. ಹೂವು ಕಟ್ಟುವ ಕೈ ಕೂಡ ನಿಲ್ಲಿಸಲಿಲ್ಲ.

ಮಗನಿಗೆ ನಾಲ್ಕು ವರ್ಷ. ಅತ್ತೆ ನೆಲದ ಮೇಲೆ ಚಾಪೆ ಹಾಸಿಕೊಂಡೇ ಮಲಗುವವರು. ಹಾವು ನೋಡದವಳೇನಲ್ಲ ನಾನು. ಆದರೆ ನಮ್ಮೂರಲ್ಲಿ ಹೊಲದ ಹಾವು ಹೊಲದಲ್ಲಿರುತ್ತದೆ. ಇಲ್ಲಿ ಕಾಡು ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗಲ್ಲ. ಬೆಳ್ಳುಳ್ಳಿ ಅರೆದು ಹಾಕು, ಫಿನೈಲ್ ಸುರಿ, ಕಾರ್ಬಾಲಿಕ್ ಆಸಿಡ್ ತಾ ಅಂತ ಒಬ್ಬೊಬ್ಬರದು ಒಂದೊಂದು ಸಲಹೆ. ನಿಜವಾಗಿ ಕೆಲಸ ಮಾಡೋದು ಯಾವುದು? ಇಲ್ಲ, ಶಿವಮೊಗ್ಗದಲ್ಲೇ ಮನೆ ನೋಡೋದು ಒಳ್ಳೇದಾ?

ತೋಟದ ಮಾಣಿ
ಮಲೆನಾಡಿಗೆ ಸ್ವಾಗತ ಅಕ್ಕ. ಇನ್ನೂ ಉಂಬಳದ (ಜಿಗಣೆಯ) ಬಗ್ಗೆ ಕೇಳಿಲ್ಲ ಅಂದರೆ ಮಳೆ ಸರಿಯಾಗಿ ಹಿಡಿದಿಲ್ಲ ಅಂತ ಅರ್ಥ.

ಕೊಪ್ಪದ ರಾಯರು
ಹಾವು ಬರದ ಹಾಗೆ ಮಾಡುವುದು ಇಲ್ಲಿ ಯಾರ ಕೈಯಲ್ಲೂ ಆಗದ ಕೆಲಸ ತಂಗಿ. ಒಳಗೆ ಬರುವುದನ್ನು ಕಮ್ಮಿ ಮಾಡಬಹುದು. ಬಂದರೂ ನಿಮ್ಮ ಕೈಕಾಲಿಗೆ ಸಿಗದ ಹಾಗೆ ನೋಡಿಕೊಳ್ಳಬಹುದು. ಅಷ್ಟೇ.

ಬೆಳ್ಳುಳ್ಳಿ, ಫಿನೈಲ್, ನುಸಿಗುಳಿಗೆ ಎಲ್ಲ ದುಡ್ಡು ದಂಡ. ಇಲ್ಲಿ ಸುರಿಯುವ ಮಳೆಗೆ ಯಾವ ವಾಸನೆ ಎಷ್ಟು ಹೊತ್ತು ನಿಂತೀತು? ಕಾರ್ಬಾಲಿಕ್ ಆಸಿಡ್ ಅಂತೂ ತರಲೇಬೇಡಿ. ಅದು ಹಾವಿನ ಮೈ ಸುಡುತ್ತದೆ, ಮಗು ಮುಟ್ಟಿದರೆ ಮಗುವಿನ ಕೈಯನ್ನೂ ಸುಡುತ್ತದೆ.

ಹಾವು ಬರುವುದು ಹೊಟ್ಟೆಪಾಡಿಗೆ, ಇಲ್ಲ ಅಡಗಿ ಕೂರುವುದಕ್ಕೆ. ಇಲಿ, ಕಪ್ಪೆ, ಹಲ್ಲಿ ಇದ್ದಲ್ಲಿ ಅದೂ ಇರುತ್ತದೆ. ಹಾಗಾಗಿ ಮೊದಲು ಆ ಸೌದೆ ರಾಶಿ ಬಚ್ಚಲಿಂದ ಹೊರಗೆ ಹೋಗಲಿ. ಗೋಡೆಗೆ ಒರಗಿಸಬೇಡಿ. ನೆಲದಿಂದ ಒಂದಡಿ ಮೇಲೆ ಅಟ್ಟಣೆ ಕಟ್ಟಿ ಅದರ ಮೇಲೆ ಒಟ್ಟಿ. ಆ ದಿನಕ್ಕೆ ಬೇಕಾದಷ್ಟನ್ನು ಬೆಳಕಿರುವಾಗಲೇ ಒಳಗೆ ತನ್ನಿ. ಕೈ ಹಾಕುವ ಮೊದಲು ಕೋಲಲ್ಲಿ ಎರಡು ಸಲ ಕುಟ್ಟಿ. ಮನೆ ಹಿಂದೆ ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಒಡೆದ ಹಂಚಿನ ಗುಡ್ಡೆ ಇದ್ದರೆ ದೂರ ಹಾಕಿಸಿ. ಬಚ್ಚಲ ನೀರು ಹೋಗುವ ತೂತಿಗೆ ಸಣ್ಣ ಕಣ್ಣಿನ ಜಾಲರಿ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಇದ್ದರೆ ರಬ್ಬರ್ ಪಟ್ಟಿ ಹೊಡೆಸಿ. ಮಾಡಿಗೆ ತಾಗುವ ಕೊಂಬೆ ಸವರಿಸಿ. ಗೋಡೆಗೆ ಗಾರೆ ಮಾಡದ ಜಂಬಿಟ್ಟಿಗೆ ಮನೆಯಾದರೆ ತಳದ ಸಂದುಗಳನ್ನೂ ಮುಚ್ಚಿಸಬೇಕು, ಓನರ್ ಹತ್ತಿರ ಹೇಳಿ.

ಸೊರಬದವ
ಬೆಳ್ಳುಳ್ಳಿ ಹಾಕಿದರೆ ಹಾವು ಬರುತ್ತೆ, ನೆಂಟರು ಬರಲ್ಲ.

ಹೊಳೆಬದಿ ಮನೆ
ರೀಪಿನ ಮೇಲೆ ಕಂಡದ್ದು ಬಹುಶಃ ತೋಳಹಾವು. ವಿಷ ಇಲ್ಲ. ಹಲ್ಲಿ ಹಿಡಿಯಲು ಗೋಡೆ ಹತ್ತುವುದೇ ಅದರ ಕಸುಬು. ಆದರೆ ವಿಷದ ಕಟ್ಟುಹಾವಿನ ಜೊತೆ ಎಲ್ಲರೂ ಅದನ್ನು ಗೊಂದಲ ಮಾಡಿಕೊಳ್ಳುತ್ತಾರೆ, ಅದೇ ಕಷ್ಟ.

ಕಟ್ಟುಹಾವು ಕಪ್ಪಗೆ, ಮಿರಮಿರ ಹೊಳೆಯುತ್ತದೆ. ಬಿಳಿ ಗೆರೆಗಳು ಸಾಮಾನ್ಯವಾಗಿ ಜೋಡಿ ಜೋಡಿ. ಕುತ್ತಿಗೆ ಹತ್ತಿರ ಗೆರೆ ಇರುವುದಿಲ್ಲ, ಇದ್ದರೂ ಮಸುಕು. ಬಾಲದ ಕಡೆ ಹೋದ ಹಾಗೆ ಸ್ಪಷ್ಟ. ತೋಳಹಾವಿಗೆ ಇದರ ಉಲ್ಟಾ, ಕತ್ತಿನಿಂದಲೇ ಪಟ್ಟೆ ಶುರುವಾಗಿ ಬಾಲದ ಕಡೆ ಮಾಸುತ್ತಾ ಹೋಗುತ್ತದೆ. ಇನ್ನೂ ಖಾತ್ರಿ ಬೇಕು ಅಂದರೆ ಕಟ್ಟುಹಾವಿನ ನಡುಬೆನ್ನಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳ ಸಾಲು ಇರುತ್ತದೆ.

ಅಂಗಳದಲ್ಲಿ ಹೋದದ್ದು ಕೇರೆ ಇರಬೇಕು. ಇಲಿ ತಿನ್ನುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಕಾಲಿದ್ದಿದ್ದರೆ ಕಾಲಿಗೆ ಬೀಳಬಹುದಿತ್ತು.

ದುರ್ಗದ ಸೊಸೆ
ಬೆನ್ನ ಮೇಲಿನ ಹುರುಪೆಗೆ ಆರು ಮೂಲೆ ಇದೆಯಾ ಅಂತ ಎಣಿಸುವಷ್ಟು ಹೊತ್ತು ನಾನು ಅಲ್ಲಿ ನಿಂತಿರುತ್ತೇನಾ ಸರ್?

ಹೊಳೆಬದಿ ಮನೆ
ನಿಲ್ಲಬೇಡಿ. ದೂರದಿಂದ ಫೋಟೋ ತೆಗೆದು ಆಮೇಲೆ ದೊಡ್ಡದು ಮಾಡಿ ನೋಡಿ. ಗೊತ್ತಾಗಲಿಲ್ಲ ಅಂದರೆ ವಿಷದ್ದು ಅಂತಲೇ ತಿಳಿದುಕೊಳ್ಳಿ.

ಡ್ಯೂಟಿ ಸಿಸ್ಟರ್
ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಎಲ್ಲರೂ ಅಂಗಳದ ಹಾವಿನ ಮಾತಾಡುತ್ತಿದ್ದೀರಿ. ನನಗೆ ಚಿಂತೆ ಆದದ್ದು ಅತ್ತೆಯವರ ಚಾಪೆ.

ಕಟ್ಟುಹಾವು ಓಡಾಡುವುದು ರಾತ್ರಿ. ನೆಲದಲ್ಲಿ ಮಲಗಿದವರನ್ನು ಕಚ್ಚುವುದೇ ಜಾಸ್ತಿ. ಹಲ್ಲು ಸಣ್ಣದು, ಎಷ್ಟೋ ಸಲ ನೋವೂ ಇಲ್ಲ, ಗುರುತೂ ಕಾಣಲ್ಲ. ಇರುವೆ ಕಚ್ಚಿತು ಅಂದುಕೊಂಡು ಮಗ್ಗುಲು ಬದಲಾಯಿಸಿ ಮಲಗುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಎತ್ತಲು ಆಗುವುದಿಲ್ಲ, ಎಂಜಲು ನುಂಗಲು ಆಗುವುದಿಲ್ಲ, ಮಾತು ತೊದಲುತ್ತದೆ. ಅದರ ವಿಷ ನರಕ್ಕೂ ಸ್ನಾಯುವಿಗೂ ಇರುವ ಸಂಪರ್ಕ ಕಡಿದುಹಾಕುತ್ತದೆ. ಕೊನೆಗೆ ನಿಲ್ಲುವುದು ಉಸಿರು. ಗ್ಯಾಸ್ ಆಗಿದೆ ಅಂತ ಮನೆಯಲ್ಲಿ ಜೀರಿಗೆ ಕಷಾಯ ಕುಡಿಸುತ್ತಾ ಕೂತವರನ್ನು ನೋಡಿದ್ದೇನೆ.

ಅತ್ತೆಗೆ ಮಂಚ ಹಾಕಿಸಿ. ಒಪ್ಪಲಿಲ್ಲ ಅಂದರೆ ಸೊಳ್ಳೆಪರದೆ ಕಟ್ಟಿ, ನಾಲ್ಕೂ ಕಡೆ ಹಾಸಿಗೆ ಕೆಳಗೆ ಸಿಕ್ಕಿಸಿ. ಮಂಚ ಇದ್ದರೂ ಪರದೆ ಇರಲಿ. ಹೊದಿಕೆ ನೆಲಕ್ಕೆ ಜೋತಾಡಬಾರದು. ರಾತ್ರಿ ಎದ್ದರೆ ಟಾರ್ಚ್ ಇಲ್ಲದೆ ಕಾಲು ಕೆಳಗಿಡಬೇಡಿ.

ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು.

ದುರ್ಗದ ಸೊಸೆ
ಸಿಸ್ಟರ್, ಓದಿ ಕೈಕಾಲು ತಣ್ಣಗಾಯಿತು. ಪರದೆ ಇವತ್ತೇ ತರಿಸುತ್ತೇನೆ. ಅಕಸ್ಮಾತ್ ಕಚ್ಚಿದರೆ ಮೊದಲು ಏನು ಮಾಡಬೇಕು? ಮಗುವಿಗಾದರೆ ಬೇರೆ ಔಷಧಿನಾ?

ಡ್ಯೂಟಿ ಸಿಸ್ಟರ್
ಕಟ್ಟಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಐಸ್ ಇಡಬೇಡಿ. ಬಿಗಿಯಾಗಿ ಹಗ್ಗ ಕಟ್ಟಿದರೆ ಕೈಯೋ ಕಾಲೋ ಕೊಳೆಯುತ್ತದೆ, ಬಿಚ್ಚಿದ ಕೂಡಲೇ ತಡೆದಿಟ್ಟ ವಿಷ ಒಟ್ಟಿಗೆ ನುಗ್ಗುತ್ತದೆ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಬಾವು ಬಂದ ಮೇಲೆ ತೆಗೆಯಲು ಆಗಲ್ಲ. ಮೂಳೆ ಮುರಿದವರಿಗೆ ಮಾಡುವಂತೆ ಪಟ್ಟಿಯಿಟ್ಟು ಆ ಅಂಗ ಅಲುಗದ ಹಾಗೆ ಮಾಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ವಾಂತಿ ಬರುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ. ಅದು ಬರುವುದು ತಡ ಅಂತ ಗೊತ್ತಾದರೆ ಸಿಕ್ಕ ಗಾಡಿ ಹತ್ತಿಸಿ. ಕಚ್ಚಿದ ಟೈಮ್ ನೆನಪಿಡಿ. ಹಾವನ್ನು ಹುಡುಕಿ ಕೊಂದು ಚೀಲದಲ್ಲಿ ತರುವ ಕೆಲಸ ಬೇಡ, ನಮಗೆ ಅದು ಬೇಕಿಲ್ಲ.

ಮಗುವಿಗೂ ದೊಡ್ಡವರಿಗೂ ಔಷಧಿ ಒಂದೇ, ಹಾವಿನ ವಿಷ ಇಳಿಸುವ ಇಂಜೆಕ್ಷನ್. ಪ್ರಮಾಣವೂ ಅಷ್ಟೇ. ಮಗು ಅಂತ ಹಾವು ಕಮ್ಮಿ ವಿಷ ಬಿಡುವುದಿಲ್ಲ ಅಲ್ವಾ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.

ಇನ್ನೊಂದು ಕೆಲಸ ಈ ವಾರವೇ ಮುಗಿಸಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಡಾಕ್ಟರ್ ಇರುತ್ತಾರೆ, ಇಂಜೆಕ್ಷನ್ ದಾಸ್ತಾನು ಇದೆಯಾ, ವೆಂಟಿಲೇಟರ್ ಎಲ್ಲಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ಹುಡುಕಲು ಕೂತರೆ ನೆಟ್‌ವರ್ಕೂ ಇರಲ್ಲ.

ಹಳೇ ಬೇರು
ಎಲ್ಲದಕ್ಕೂ ಇಂಜೆಕ್ಷನ್ ಅನ್ನುವವರಿಗೆ ಏನು ಹೇಳೋದು. ನಮ್ಮೂರಲ್ಲಿ ಮೂರು ತಲೆಮಾರಿನಿಂದ ಹಾವಿನ ಔಷಧಿ ಕೊಡುವ ಮನೆ ಇದೆ. ಬೇರು ಅರೆದು ಕುಡಿಸುತ್ತಾರೆ, ಪಥ್ಯ ಹೇಳುತ್ತಾರೆ. ಎಷ್ಟೋ ಜನ ಬದುಕಿದ್ದಾರೆ. ನನ್ನ ಸ್ವಂತ ಚಿಕ್ಕಪ್ಪನೇ ಸಾಕ್ಷಿ. ಆಸ್ಪತ್ರೆಗೆ ಹೋದವರೂ ಸತ್ತಿದ್ದಾರೆ, ಅದನ್ನು ಯಾರೂ ಹೇಳಲ್ಲ.

ಡ್ಯೂಟಿ ಸಿಸ್ಟರ್
ಚಿಕ್ಕಪ್ಪನಿಗೆ ಕಚ್ಚಿದ ಹಾವು ಯಾವುದು ಅಣ್ಣ?

ಹಳೇ ಬೇರು
ಕತ್ತಲಲ್ಲಿ ಯಾರು ನೋಡಿದರು? ಹಾವೇ.

ಡ್ಯೂಟಿ ಸಿಸ್ಟರ್
ಅದೇ ನೋಡಿ. ನಮ್ಮ ಸುತ್ತ ಇರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷ ಇಲ್ಲ. ಇರುವವೂ ಎಷ್ಟೋ ಸಲ ವಿಷ ಬಿಡದೆ ಬರೀ ಕಚ್ಚಿ ಹೋಗುತ್ತವೆ. ಅಂಥವರಿಗೆ ಬೇರು ಕೊಟ್ಟರೂ ಬದುಕುತ್ತಾರೆ, ಕಾಫಿ ಕೊಟ್ಟರೂ ಬದುಕುತ್ತಾರೆ. ಕೊಳಕುಮಂಡಲ ನಿಜವಾಗಿ ವಿಷ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ವಸಡಲ್ಲಿ, ಮೂತ್ರದಲ್ಲಿ ರಕ್ತ ಬರುತ್ತದೆ, ಆಮೇಲೆ ಕಿಡ್ನಿ ಹೋಗುತ್ತದೆ. ನಾವು ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡುತ್ತೇವೆ. ನೀರಾಗಿ ಹರಿದರೆ ಗೊತ್ತಾಯಿತು. ಆ ರಕ್ತವನ್ನು ಬೇರು ಹೆಪ್ಪುಗಟ್ಟಿಸಿದ್ದು ನನ್ನ ಸರ್ವೀಸಿನಲ್ಲಿ ನೋಡಿಲ್ಲ. ಆಸ್ಪತ್ರೆಗೆ ಬಂದು ಸತ್ತವರು ಇದ್ದಾರೆ, ಇಲ್ಲ ಅನ್ನಲ್ಲ. ಅವರಲ್ಲಿ ಎಷ್ಟು ಜನ ಮೊದಲು ಬೇರಿನ ಮನೆಗೆ ಹೋಗಿ ತಡ ಮಾಡಿದವರು ಅಂತ ಕೇಳಿ.

ಹಳೇ ಬೇರು
ನೀವು ಕಲಿತವರು, ನಿಮ್ಮ ಜೊತೆ ವಾದ ಮಾಡಿ ಗೆಲ್ಲಲು ಆಗಲ್ಲ.

ಕೊಪ್ಪದ ರಾಯರು
ನಾಟಿ ವೈದ್ಯರನ್ನು ಬಿಟ್ಟುಕೊಡಬೇಕಿಲ್ಲ. ನಮ್ಮ ಕಡೆ ಒಬ್ಬರಿದ್ದಾರೆ, ಹಾವು ಅಂತ ಬಂದವರನ್ನು ಅವರೇ ಜೀಪು ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತಾರೆ. ವಾಪಸ್ ಬಂದ ಮೇಲೆ ಗಾಯಕ್ಕೆ ಎಣ್ಣೆ ಕೊಡುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಡ್ಯೂಟಿ ಸಿಸ್ಟರ್
ಅಂಥವರು ಊರಿಗೊಬ್ಬರು ಇರಲಿ ರಾಯರೇ. ಅಂದ ಹಾಗೆ 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಘೋಷಿಸಿದೆ. ಈಗ ಪ್ರತಿ ಕೇಸನ್ನೂ ಆಸ್ಪತ್ರೆಯವರು ವರದಿ ಮಾಡಲೇಬೇಕು. ಖಾಸಗಿಯವರೂ ಅಷ್ಟೇ.

ಕಾಫಿ ಗಿಡ
ಮೂಡಿಗೆರೆ ಕಡೆಯಿಂದ. ನೀವೆಲ್ಲ ಮರೆತದ್ದು ಗುಳಿಮಂಡಲ. ಮಳೆಗಾಲದಲ್ಲಿ ಕಾಫಿ ಗಿಡದ ಕೊಂಬೆ ಮೇಲೆ, ಎದೆಮಟ್ಟಕ್ಕೆ ಸುಮ್ನೆ ಕೂತಿರುತ್ತದೆ. ಹಸಿರು, ಹಳದಿ, ಕಂದು, ಯಾವ ಬಣ್ಣದಲ್ಲಾದರೂ ಬರುತ್ತದೆ. ಅದೇ ಕೊಂಬೆಯಲ್ಲಿ ದಿನಗಟ್ಟಲೆ ಕದಲದೆ ಇರುತ್ತದೆ. ನಮ್ಮ ಕೆಲಸದವರು ಆ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ ಪಕ್ಕದ ಸಾಲಿಗೆ ಹೋಗುತ್ತಾರೆ. ಕಚ್ಚಿದರೆ ಜೀವ ಹೋಗುವುದು ಅಪರೂಪ, ಆದರೆ ಕೈ ಊದಿಕೊಂಡು ನೋವು ತಡೆಯಲಾಗದು.

ನೆಲದ ತರಗೆಲೆಯಲ್ಲಿ ಇರುವ ಇನ್ನೊಂದು ಜಾತಿ ಇದೆ, ಮೂಗು ಮೇಲಕ್ಕೆ ಚೂಪಾಗಿ ಎದ್ದಿರುತ್ತದೆ. ಗೇಣುದ್ದವೋ ಸ್ವಲ್ಪ ಜಾಸ್ತಿಯೋ ಇರುತ್ತದೆ, ಎಲೆಗೂ ಅದಕ್ಕೂ ವ್ಯತ್ಯಾಸ ಕಾಣಲ್ಲ. ಅದು ಕಿಡ್ನಿಗೆ ತೊಂದರೆ ಕೊಡಬಲ್ಲದು. ನಮ್ಮಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೆ ಮಾಡಿದ್ದು. ಇದಕ್ಕೆ ಹತ್ತುವುದಿಲ್ಲ. ತೋಟಕ್ಕೆ ಇಳಿಯುವಾಗ ಗಂಬೂಟು ಹಾಕಿ, ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿ.

ಗಡಿನಾಡ ಗೌಡ
ಗರಗಸಮಂಡಲ ಬಯಲುಸೀಮೆಯದ್ದು. ದುರ್ಗದವರಿಗೆ ನಾವು ಹೇಳಿಕೊಡಬೇಕಾ! ಅಲ್ಲಿ ಕಲ್ಲು ಎತ್ತಿದರೆ ಇರುತ್ತದೆ.

ದುರ್ಗದ ಸೊಸೆ
ಹೌದು, ನಮ್ಮ ಕಡೆ ಅದರದ್ದೇ ಭಯ. ಮೈ ಮೈ ತಿಕ್ಕಿ ಸರಸರ ಸದ್ದು ಮಾಡುತ್ತದೆ. ಕೊಳಕುಮಂಡಲ ಹೇಗೆ ಸದ್ದು ಮಾಡುತ್ತದೆ?

ಗಡಿನಾಡ ಗೌಡ
ಕುಕ್ಕರ್ ಸೀಟಿ ಬಿಡುವ ಮೊದಲು ಉಸಿರು ಬಿಡುತ್ತಲ್ಲ, ಅದನ್ನು ಜೋರು ಮಾಡಿ. ಕೇಳಿದಿರಾ, ಅಲ್ಲೇ ನಿಲ್ಲಿ, ಎಲ್ಲಿದೆ ಅಂತ ನೋಡಿ, ಆಮೇಲೆ ಹಿಂದೆ ಸರಿಯಿರಿ. ದಪ್ಪ ಮೈ, ಬೆನ್ನ ಮೇಲೆ ಕಂದು ಸರಪಳಿ. ಹೆಬ್ಬಾವಿನ ಮರಿ ಅಂತ ಕೈಗೆತ್ತಿಕೊಂಡವರಿದ್ದಾರೆ.

ಯಾರೋ ಒಬ್ಬ
ಇಷ್ಟೆಲ್ಲ ಯಾಕೆ? ಕಂಡರೆ ದೊಣ್ಣೆಯಲ್ಲಿ ಹೊಡೆದು ಹಾಕಿ, ಮುಗೀತು. ಮಗು ಇರುವ ಮನೆ.

ಹೊಳೆಬದಿ ಮನೆ
ಕಚ್ಚಿಸಿಕೊಳ್ಳುವವರಲ್ಲಿ ಹೊಡೆಯಲು ಹೋದವರೂ ಸೇರಿದ್ದಾರೆ, ಗೊತ್ತಿರಲಿ. ದೊಣ್ಣೆ ಉದ್ದಕ್ಕೆ ಹತ್ತಿರ ಹೋಗಬೇಕಲ್ಲ. ಮತ್ತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರ, ಕೊಳಕುಮಂಡಲ, ಕೇರೆ, ಹೆಬ್ಬಾವು, ಕಾಳಿಂಗ ಎಲ್ಲ ರಕ್ಷಿತ. ಕೇರೆಯನ್ನು ಹೊಡೆದ ವರ್ಷ ನಿಮ್ಮ ಕಣಜದಲ್ಲಿ ಇಲಿ ಎಷ್ಟಾಗುತ್ತವೆ ನೋಡಿ. ಆ ಇಲಿಗೆ ಅಂತ ಬರುವುದು ನಾಗರ.

ಯಾರೋ ಒಬ್ಬ
ಕೇರೆ ನಾಗರ ಎರಡೂ ಜೊತೆಯಾಗಿ ಎದ್ದು ನಿಂತು ಹೆಣೆದುಕೊಳ್ಳೋದನ್ನ ನಾನೇ ನೋಡಿದ್ದೇನೆ. ಆ ಮರಿಗೆ ವಿಷ ಇರಲ್ವಾ?

ಹೊಳೆಬದಿ ಮನೆ
ನೀವು ನೋಡಿದ್ದು ಎರಡು ಗಂಡು ಕೇರೆ. ಹೆಣ್ಣಿಗಾಗಿ ಬಲಾಬಲ ಪರೀಕ್ಷೆ ಮಾಡುತ್ತಿದ್ದವು. ಜೋಡಿ ಅಂತ ತಿಳಿದು ಬಟ್ಟೆ ಹಾಕಿ ಪುಣ್ಯ ಕಟ್ಟಿಕೊಂಡವರೂ ಇದ್ದಾರೆ.

ಆಗುಂಬೆ ಘಾಟಿ
ನಮ್ಮ ಮನೆ ಹಿಂದೆ ಹೋದ ವಾರ ಕಾಳಿಂಗ ಬಂದಿತ್ತು. ಮನೆಯಲ್ಲಿ ಎಲ್ಲರೂ ಹೊರಗೆ ಬಂದು ಜಗಲಿಯಲ್ಲಿ ಕೂತು ನೋಡಿದೆವು. ಅದು ತಿನ್ನುವುದೇ ಬೇರೆ ಹಾವನ್ನು. ಕೇರೆ, ನಾಗರ, ಗುಳಿಮಂಡಲ. ಒಂದು ಸುತ್ತು ಹೊಡೆದು ಹೊಳೆ ಕಡೆ ಹೋಯಿತು. ಬೇಸಿಗೆಯಲ್ಲಿ ಹೆಣ್ಣು ತರಗೆಲೆ ಗುಡಿಸಿ ಗೂಡು ಕಟ್ಟುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಇದೊಂದೇ.

2024ರಲ್ಲಿ ಹಾವು ಸಂಶೋಧಕ ಪಿ. ಗೌರಿ ಶಂಕರ್ ಮತ್ತು ಜೊತೆಗಾರರು ಕಾಳಿಂಗ ಒಂದೇ ಜಾತಿಯಲ್ಲ, ನಾಲ್ಕು ಅಂತ ತೋರಿಸಿದರು. ನಮ್ಮ ಪಶ್ಚಿಮಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೊಫೇಗಸ್ ಕಾಳಿಂಗ. ಕನ್ನಡದ ಹೆಸರು ಜಗತ್ತಿನ ಪುಸ್ತಕಕ್ಕೆ ಹೋಯಿತು ಮಾರಾಯ್ರೆ!

ಸುಳ್ಯದ ಶೆಟ್ರು
ಜಗಲಿಯಲ್ಲಿ ಕೂತು ನೋಡುವುದು ಚಂದ. ಕಚ್ಚಿದರೆ ಅದಕ್ಕೆ ನಮ್ಮ ದೇಶದ ಇಂಜೆಕ್ಷನ್ ಇಲ್ಲ, ಅದನ್ನೂ ಬರೆಯಿರಿ.

ಆಗುಂಬೆ ಘಾಟಿ
ಇಲ್ಲ, ನಿಜ. ಆದರೆ ಅದು ಮನುಷ್ಯರನ್ನು ಕಚ್ಚಿದ್ದು ತೀರಾ ಅಪರೂಪ. ಕಚ್ಚಿಸಿಕೊಂಡವರಲ್ಲಿ ಹಿಡಿಯಲು ಹೋದವರೇ ಇರುತ್ತಾರೆ.

ಸುಳ್ಯದ ಶೆಟ್ರು
ಅಲ್ಲಿಗೆ ಬಂದಿರಿ ನೋಡಿ. ನನ್ನ ಸಿಟ್ಟು ಹಾವಿನ ಮೇಲಲ್ಲ, ಹಿಡಿಯುವವರ ಮೇಲೆ. ಒಬ್ಬನನ್ನು ಕರೆದರೆ ಹಿಂದೆ ಮೂರು ಮೊಬೈಲು ಬರುತ್ತವೆ. ಹಾವಿನ ಬಾಲ ಹಿಡಿದು ನೇತಾಡಿಸಿ, ಹೆಡೆಗೆ ಮುತ್ತು ಕೊಟ್ಟು, ಅರ್ಧ ಗಂಟೆ ಭಾಷಣ. ನೆರೆಕರೆಯ ಮಕ್ಕಳೆಲ್ಲ ಎರಡಡಿ ದೂರದಲ್ಲಿ. ಚೀಲವನ್ನು ಪೈಪಿಗೆ ಕಟ್ಟಿ ಇಟ್ಟರೆ ಹಾವು ಬಿಲ ಅಂದುಕೊಂಡು ತಾನೇ ಒಳಗೆ ಹೋಗುತ್ತದೆ, ಮುಟ್ಟುವುದೇ ಬೇಡ. ಹಾಗೆ ಹಿಡಿಯುವವರೂ ಇದ್ದಾರೆ. ಅವರ ವಿಡಿಯೋ ಯಾರೂ ನೋಡಲ್ಲ.

ತೋಟದ ಮಾಣಿ
ಹಿಡಿದು ಇಪ್ಪತ್ತು ಮೈಲಿ ದೂರ ಬಿಟ್ಟು ಬರೋದು ಒಳ್ಳೇದಲ್ವಾ?

ಆಗುಂಬೆ ಘಾಟಿ
ಅಲ್ಲ. 2005ರಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ ಶುರು ಮಾಡಿದ ಆಗುಂಬೆಯ ಸಂಶೋಧನಾ ಕೇಂದ್ರದವರು ಕಾಳಿಂಗಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಓಡಾಟ ಗಮನಿಸಿದ್ದಾರೆ. ದೂರ ಬಿಟ್ಟ ಹಾವು ನೆಲೆ ಸಿಗದೆ ಎಲ್ಲೆಲ್ಲೋ ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಮನೆಯೊಳಗೆ ಇದ್ದರೆ ಹಿಡಿಸಿ, ಹತ್ತಿರದ ಕಾಡಂಚಿಗೇ ಬಿಡಿಸಿ. ತೋಟದಲ್ಲಿ ಇದ್ದರೆ ಅದು ಅದರ ತೋಟವೂ ಹೌದು.

ದುರ್ಗದ ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಸೌದೆ ಹೊರಗೆ ಹೋಯಿತು, ಜಾಲರಿ ಹಾಕಿಸಿದ್ದಾಯಿತು. ಅತ್ತೆ ಮಂಚ ಒಪ್ಪಲಿಲ್ಲ, ಪರದೆ ಒಪ್ಪಿದ್ದಾರೆ. ಹಾವಿಗಲ್ಲ, ಸೊಳ್ಳೆಗೆ ಅಂತ ಹೇಳಿದ್ದೇವೆ. ಮಗನಿಗೆ "ನೋಡು, ನಿಲ್ಲು, ಕೂಗು" ಅಂತ ಕಲಿಸುತ್ತಿದ್ದೇನೆ. ಈಗ ಹಗ್ಗ ಕಂಡರೂ ಕೂಗುತ್ತಾನೆ, ಪರವಾಗಿಲ್ಲ. ಮನೆ ಬದಲಾಯಿಸುವ ಮಾತು ಮಳೆಗಾಲ ಮುಗಿಯಲಿ ಅಂತ ಮುಂದಕ್ಕೆ ಹಾಕಿದ್ದೇವೆ. ಒಂದು ಪ್ರಶ್ನೆ, ಹಿತ್ತಲ ತರಕಾರಿಗೆ ಸುತ್ತ ನೈಲಾನ್ ಬಲೆ ಕಟ್ಟಿದರೆ ಹಾವು ತಡೆಯುತ್ತಾ?

ಹೊಳೆಬದಿ ಮನೆ
ತಡೆಯಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ಹುರುಪೆಗೆ ದಾರ ಕಚ್ಚಿಕೊಂಡು ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದಾಗ ಸಿಟ್ಟಿಗೆದ್ದ ನಾಗರ ನಿಮ್ಮ ಕೈ ಹತ್ತಿರ ಇರುತ್ತದೆ. ಕಟ್ಟಲೇಬೇಕು ಅಂದರೆ ನೆಲದಿಂದ ಒಂದಡಿ ಬಿಟ್ಟು ಕಟ್ಟಿ.

ಕಾಫಿ ಗಿಡ
ಒಂದಡಿ ಬಿಟ್ಟರೆ ನವಿಲು ನುಗ್ಗುತ್ತದಲ್ಲ?

ಸೊರಬದವ
ನವಿಲು ಹೇಗೋ ಆಗುತ್ತೆ. ಮಂಗನಿಗೆ ಏನು ಮಾಡ್ತೀರಿ ಅದನ್ನು ಹೇಳಿ.

ಕೊಪ್ಪದ ರಾಯರು
ಮಂಗನ ವಿಷಯ ಬೇರೆ ಕಡೆ ಶುರು ಮಾಡಿ ಮಾರಾಯ್ರೆ. ಇಲ್ಲಿ ಎತ್ತಿದರೆ ಯಾರೂ ಇವತ್ತು ಊಟಕ್ಕೆ ಏಳಲ್ಲ.